ಜಾನುಸಂಧಿ ವಿಚಾರ

ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿ, ಉತ್ತರಹಳ್ಳಿ ವಸಂತಪುರಗಳಿಗೆ ಸಮೀಪವಾಗಿ, ಸುಬ್ರಹ್ಮಣ್ಯಪುರವೆಂಬ ಊರಿದೆ. ಹಿಂದೆ ಹಳ್ಳಿಯಾಗಿದ್ದ ಇದು ಈಗ ನಗರದೊಳಗೆ ಸೇರಿಹೋಗಿದೆ. ಒಂದೇ ಅಂತಸ್ತಿನ ಮನೆಗಳಿದ್ದ ಎಡೆಗಳಲ್ಲಿ ಮೂರು ನಾಲ್ಕು ಅಂತಸ್ತಿನ ಮನೆಗಳು ಎದ್ದಿರುವುದರಿಂದ, ಅಂಗಳಕ್ಕೂ ಜಗಲಿಗೂ ನಡುವಣ ಒಂದೆರಡು ಮೆಟ್ಟಿಲುಗಳನ್ನು ಮಾತ್ರ ಬಲ್ಲ ವೃದ್ಧರು ಈಗ ದಿನಕ್ಕೆ ಹಲವು ಸಲ ಸೋಪಾನಪಂಕ್ತಿಯನ್ನೇ ಹತ್ತಿ ಇಳಿಯಬೇಕಾಗಿದೆ. ನಡುದಾರಿಯಲ್ಲಿ ಗೋಡೆಯನ್ನು ಹಿಡಿದು ನಿಂತು, ಮೊಣಕಾಲಿನ ಕೀಲು ಸವೆದುಹೋಯಿತು, ಎಣ್ಣೆ ಆರಿಹೋಯಿತು ಎಂದು ಹೇಳಿಕೊಳ್ಳುವುದು ಆ ಊರಿನಲ್ಲಿ ಮಾತ್ರವಲ್ಲ, ಕನ್ನಡನಾಡಿನ ಎಲ್ಲ ಊರುಗಳಲ್ಲಿಯೂ ಕೇಳಿಬರುವ ಮಾತು. ಈ ಮಾತಿನಲ್ಲಿ ವೇದನೆಯಿರುವಂತೆಯೇ ಒಂದು ಸಿದ್ಧಾಂತವೂ ಅಡಗಿದೆ. ಮೊಣಕಾಲು ಕದದ ಕೀಲಿನಂಥದು. ಕೀಲು ತಿರುಗಿದಷ್ಟೂ ಸವೆಯುವುದು. ಆದುದರಿಂದ ತಿರುಗಿಸದಿರುವುದೇ ಅದಕ್ಕೆ ರಕ್ಷಣೆ ಎಂಬುದೇ ಆ ಸಿದ್ಧಾಂತ. ಇದನ್ನು ನಂಬಿ ನಡೆದಾಟವನ್ನು ಬಿಟ್ಟು ಕುಳಿತವರಿಗೆ ನೋವು ಕಡಿಮೆಯಾಗುವುದಕ್ಕೆ ಬದಲಾಗಿ ಹೆಚ್ಚುವುದೇ ಬಹುಮಟ್ಟಿಗೆ ಕಂಡುಬರುತ್ತದೆ. ಹಾಗಾದರೆ ಉಪಮಾನದಲ್ಲಿಯೇ ದೋಷವಿದೆಯೆ? ಜಾನುಸಂಧಿಯು ಕೀಲು ಹೌದೆ, ಅಲ್ಲವೆ? ಪದದಿಂದ ಆರಂಭಿಸಿ ಪದಾರ್ಥದವರೆಗೆ ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೧. ಪದವಿಚಾರ

ಮೊಣಕಾಲು ಎಂಬುದರ ಪ್ರಾಚೀನ ರೂಪ ಮೊೞಕಾಲ್ ಎಂಬುದು ಹಳಗನ್ನಡವನ್ನು ಬಲ್ಲವರಿಗೆ ವಿದಿತವೇ ಆಗಿದೆ. ೞಕಾರವು ಬಳಕೆಯಿಂದ ಜಾರಿದ ಮೇಲೆ ಮೊಳಕಾಲು ಎಂತಲೂ ಮೊಣಕಾಲು ಎಂತಲೂ ರೂಪಗಳು ನಿಂತವು. ಇದೇ ಪೂರ್ವಪದದಿಂದ ಮೊೞಕೈ, ಮೊಳಕೈ, ಮೊಣಕೈ ಎಂಬುವೂ ಆಗಿವೆ. ತಮಿಳಿನಲ್ಲಿ ಮುೞಂಕಾಲ್, ಮುೞಂಗೈ ಎಂದೂ ತೆಲುಗಿನಲ್ಲಿ ಮೋಕಾಲು, ಮೋಚೇಯಿ ಎಂದೂ ಈ ಜೋಡಿ ಹಾಗೆಯೇ ಉಳಿದಿದೆ. ಎಂದರೆ, ಕಾಲಿನ ನಡುವಣ ಮಡಿಕೆಯನ್ನೂ ಕೈಯ ನಡುವಣ ಮಡಿಕೆಯನ್ನೂ ಒಂದೇ ಜಾತಿಯವೆಂದು ದ್ರಾವಿಡಭಾಷೆಗಳನ್ನಾಡಿದ ಜನರು ಬಹು ಹಿಂದೆಯೇ ಎಣಿಸಿದರು.

ಸಂಸ್ಕೃತದಲ್ಲಿ ಅಮರಸಿಂಹನು ಈ ಅಂಗಕ್ಕೆ ಜಾನು, ಊರುಪರ್ವ, ಅಷ್ಠೀವತ್ ಎಂಬ ಮೂರು ಹೆಸರುಗಳನ್ನು ಕೊಡುತ್ತಾನೆ. ಜಾನು ಎಂಬುದು ಗ್ರೀಕಿನ ಗೋನು, ಲ್ಯಾಟಿನ್ನಿನ ಗೆನು ಎಂಬುವುಗಳ ಸಜಾತಿ. ಊರುಪರ್ವವೆಂದರೆ ತೊಡೆಯ ಗಿಣ್ಣು; ಕಬ್ಬಿನ ಗಿಣ್ಣಿನಂತೆ ಎಂದು ತಾತ್ಪರ್ಯ. ಅಷ್ಠೀವತ್ ಎಂಬುದು ಅಸ್ಥಿಶಬ್ದದಿಂದ ಬಂದದ್ದು. ಸಾಮಾನ್ಯನಿಯಮದಂತೆ ಅಸ್ಥಿಮತ್ ಎಂದಾಗಬೇಕಾದುದು ಈ ಅಂಗವಿಶೇಷದ ಅರ್ಥದಲ್ಲಿ ಮಾತ್ರ ಅಷ್ಠೀವತ್ ಎಂದಾಗುವುದನ್ನು ಪಾಣಿನಿಯು ಎಂಟನೆಯ ಅಧ್ಯಾಯದಲ್ಲಿ ನಿಪಾತದಿಂದ ಸಾಧಿಸಿದ್ದಾನೆ. ಐದನೆಯ ಅಧ್ಯಾಯದ ನಾಲ್ಕನೆಯ ಪಾದದಲ್ಲಿ, ಪ್ರ, ಸಂ ಎಂಬ ಉಪಸರ್ಗಗಳ ಮುಂದೆ ಜಾನುಶಬ್ದಕ್ಕೆ ಜ್ಞು ಎಂಬ ಆದೇಶವನ್ನು ವಿಧಿಸಿದ್ದಾನೆ. ಮೊಣಕಾಲುಗಳು ಒಂದರಿಂದೊಂದು ಅಗಲಿ ಬಿಲ್ಲಿನಂತೆ ಬಾಗಿರುವವನು ಪ್ರಜ್ಞು. ಅವು ಒಂದಕ್ಕೊಂದು ತಾಕುವಂತಿರುವವನು ಸಂಜ್ಞು. ಇಂದಿನ ಅಸ್ಥಿವೈದ್ಯರು ಹೊರಬಾಗು, ಒಳಬಾಗು ಎಂದು ವಿಂಗಡಿಸುವ ಎರಡು ವಿಕಾರಗಳಿಗೂ ವೈಯಾಕರಣನು ಹೀಗೆ ಎರಡಕ್ಷರದ ಹೆಸರುಗಳನ್ನು ಸಿದ್ಧಪಡಿಸಿಟ್ಟಿದ್ದಾನೆ. ಈ ಭೇದವು ಕೋಶಕ್ಕೆ ಮಾತ್ರ ಸೇರಿದುದಲ್ಲ. ಪ್ರಜ್ಞುವಿನಲ್ಲಿ ಮೈಯ ಭಾರವು ಸಂಧಿಯ ಒಳಮಗ್ಗುಲಿನ ಮೇಲೆಯೂ ಸಂಜ್ಞುವಿನಲ್ಲಿ ಹೊರಮಗ್ಗುಲಿನ ಮೇಲೆಯೂ ಅತಿಯಾಗಿ ಬೀಳುತ್ತದೆ. ಭಾರ ಹೆಚ್ಚಿದ ಮಗ್ಗುಲೇ ಮೊದಲು ಕೆಡುತ್ತದೆ. ಪಾವಗಡ, ಬಾಗೇಪಲ್ಲಿ ಮೊದಲಾದ ಒಣಸೀಮೆಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು ತಿಳಿದ ವಿಷಯ. ಅಂಥ ನೀರನ್ನು ಬಹುಕಾಲ ಕುಡಿದ ಎಳೆಯರ ಎಲುಬುಗಳು ಬಾಗಿ ಸಂಜ್ಞುತ್ವವು ಉಂಟಾಗಬಹುದೆಂಬುದನ್ನು ದಕ್ಷಿಣ ಭಾರತದ ವೈದ್ಯರು ೧೯೭೦ರ ದಶಕದಲ್ಲಿ ತೋರಿಸಿಕೊಟ್ಟರು.

ಕೀಲು ಎಂಬ ಪದವಾದರೋ ಗೂಟ, ಕದದ ತಿರುಗಣೆ, ಯಂತ್ರದ ಒಳಮರ್ಮ, ಎಲುಬುಗಳ ಸೇರಿಕೆ ಎಂಬ ಹಲವು ಅರ್ಥಗಳನ್ನು ಹೊತ್ತಿದೆ. ಕೀಲುಬೊಂಬೆ, ಕೀಲುಕುದುರೆ ಎಂಬಲ್ಲಿಯೂ ಅದೇ ಪದ. ಒಂದು ಪದಕ್ಕೆ ಅನೇಕಾರ್ಥಗಳಿರುವುದು ಕಾವ್ಯಕ್ಕೆ ಅಲಂಕಾರ. ಶಾಸ್ತ್ರಕ್ಕೆ ಅದೇ ಅಪಾಯ. ಸಂಧಿಯೆಂಬ ಅರ್ಥದಲ್ಲಿ ಆಡಿದ ಮಾತು ಕೇಳುವವನ ಮನಸ್ಸಿನಲ್ಲಿ ತಿರುಗಣೆಯೆಂಬ ಅರ್ಥವನ್ನು ಎಬ್ಬಿಸುತ್ತದೆ.

೨. ಸುಶ್ರುತನ ಎರಡು ದೃಷ್ಟಾಂತಗಳು

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಸಂಧಿಗಳು ೨೧೦ ಎಂದು ಎಣಿಸಿ, ಅವುಗಳನ್ನು ಕೋರ, ಉಲೂಖಲ, ಸಾಮುದ್ಗ, ಪ್ರತರ, ತುನ್ನಸೇವನೀ, ವಾಯಸತುಂಡ, ಮಂಡಲ, ಶಂಖಾವರ್ತ ಎಂದು ಎಂಟು ಬಗೆಯಾಗಿ ವಿಂಗಡಿಸಿದೆ. ಬೆರಳು, ಮಣಿಕಟ್ಟು, ಹರಡು, ಮೊಣಕಾಲು, ಮೊಣಕೈ ಇವು ಕೋರಸಂಧಿಗಳು. ಕೋರವೆಂಬುದನ್ನು ಕದದ ತಿರುಗಣೆಯಂಥ ಸಂಧಿಯೆಂದು ಅರ್ಥಮಾಡುವುದು ಇಂದಿನ ಅಧ್ಯಾಪಕರ ವಾಡಿಕೆ. ಕನ್ನಡದ ಮೊೞಕಾಲ್ ಮೊೞಕೈಗಳ ಜೋಡಿಯೂ ಸುಶ್ರುತನ ಜಾನುಕೂರ್ಪರಗಳ ಜೋಡಿಯೂ ಇಲ್ಲಿ ಒಂದಾಗುತ್ತವೆ.

ಮರ್ಮಗಳ ಪ್ರಕರಣದಲ್ಲಿ ಜಾನುವಿಗೆ ಮತ್ತೆ ಸ್ಥಾನವಿದೆ. ೧೦೭ ಮರ್ಮಗಳಲ್ಲಿ ಜಾನುವು ಸಂಧಿಮರ್ಮ. ಜಂಘೆಯೂ ಊರುವೂ ಕೂಡುವ ಎಡೆಯಲ್ಲಿರುವುದು. ಮೂರು ಅಂಗುಲದ ಪ್ರಮಾಣವುಳ್ಳದ್ದು. ಅಲ್ಲಿ ಪೆಟ್ಟುಬಿದ್ದರೆ ಪ್ರಾಣಹಾನಿಯಿಲ್ಲ, ಆದರೆ ಕುಂಟುತನವುಂಟಾಗುತ್ತದೆ. ಆದುದರಿಂದ ಅದು ವೈಕಲ್ಯಕರಮರ್ಮ.

ಇದೇ ಶಾರೀರಸ್ಥಾನದಲ್ಲಿ, ಸಂಧಿಗಳ ಲೆಕ್ಕವು ಮುಗಿದು ಸ್ನಾಯುಗಳ ಲೆಕ್ಕವು ಬರುವಲ್ಲಿ, ಇನ್ನೊಂದು ದೃಷ್ಟಾಂತವಿದೆ. ಹಲಗೆಗಳನ್ನು ಜೋಡಿಸಿ ಅನೇಕ ಕಟ್ಟುಗಳಿಂದ ಬಿಗಿದ ದೋಣಿಯು ನೀರಿನ ಮೇಲೆ ಹೇಗೆ ಭಾರವನ್ನು ಹೊರಲು ಸಮರ್ಥವಾಗುವುದೋ, ಹಾಗೆಯೇ ಸಂಧಿಗಳು ಸ್ನಾಯುಗಳಿಂದ ಕಟ್ಟಲ್ಪಟ್ಟಿರುವುದರಿಂದ ಮನುಷ್ಯರು ಭಾರವನ್ನು ತಾಳುತ್ತಾರೆ ಎಂಬುದು ಅದರ ಅಭಿಪ್ರಾಯ. ಎಲುಬು, ಪೇಶಿ, ಸಿರೆ, ಸಂಧಿ ಇವುಗಳಿಗೆ ಆದ ಹಾನಿಗಿಂತಲೂ ಸ್ನಾಯುವಿಗೆ ಆದ ಹಾನಿಯು ಹೆಚ್ಚು ಕೆಡುಕನ್ನು ಮಾಡುವುದೆಂದು ಅಲ್ಲಿಯೇ ಮುಂದೆ ಹೇಳಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ. ಸುಶ್ರುತನಲ್ಲಿ ಮಾಂಸಖಂಡಕ್ಕೆ ಪೇಶಿಯೆಂದು ಹೆಸರು. ಸ್ನಾಯುವೆಂದರೆ ಕಟ್ಟು, ಬಂಧನ. ಪದದ ಇಂದಿನ ಅರ್ಥವನ್ನು ಹಿಡಿದು ಹಳೆಯ ಗ್ರಂಥವನ್ನೋದಿದರೆ ದೋಣಿಯ ದೃಷ್ಟಾಂತದ ಸ್ವಾರಸ್ಯವೇ ತಪ್ಪಿಹೋಗುತ್ತದೆ. ಈ ಗೊಂದಲವನ್ನು ತಪ್ಪಿಸಲು ಮುಂದೆ ಮಾಂಸಖಂಡಕ್ಕೆ ಪೇಶಿಯೆಂದೂ ಎಲುಬನ್ನು ಎಲುಬಿಗೆ ಕಟ್ಟುವುದಕ್ಕೆ ಬಂಧವೆಂದೂ ಹೇಳಲಾಗುವುದು.

ಹೀಗೆ ಕೋರವೆಂಬುದು ಒಂದು ದೃಷ್ಟಾಂತ, ದೋಣಿಯೆಂಬುದು ಇನ್ನೊಂದು. ಜಾನುಸಂಧಿಯ ವಿಷಯದಲ್ಲಿ ಯಾವುದು ಹೆಚ್ಚು ಸಲ್ಲುವುದೆಂಬುದನ್ನು ಅದರ ರಚನೆಯೇ ನಿರ್ಣಯಿಸಬೇಕು.

೩. ರಚನೆ

ಜಾನುಸಂಧಿಯಲ್ಲಿ ಮೂರು ಎಲುಬುಗಳು ಕೂಡುತ್ತವೆ. ಮೇಲೆ ತೊಡೆಯೆಲುಬು, ಕೆಳಗೆ ಜಂಘಾಸ್ಥಿ, ಮುಂದೆ ಮಂಡಿಚಿಪ್ಪು. ಜಂಘೆಯ ಹೊರಮಗ್ಗುಲಲ್ಲಿರುವ ತೆಳುವಾದ ಎರಡನೆಯ ಎಲುಬು ಈ ಸಂಧಿಯಲ್ಲಿ ಭಾಗವಹಿಸುವುದಿಲ್ಲ. ಅದು ಸ್ವಲ್ಪ ಕೆಳಗೆ ಜಂಘಾಸ್ಥಿಗೆ ಅಂಟಿಕೊಂಡಿದೆ.

ತೊಡೆಯೆಲುಬಿನ ಕೆಳತುದಿಯು ಎರಡು ಗುಂಡಾದ ಗೆಣ್ಣುಗಳಾಗಿ ಒಡೆದಿದೆ. ಇವು ಸಮಾನವಲ್ಲ, ಒಳಗೆಣ್ಣಿನ ನುಣುಪಾದ ಮೈ ಹೊರಗೆಣ್ಣಿನದಕ್ಕಿಂತ ಉದ್ದವಾದುದು. ಜಂಘಾಸ್ಥಿಯ ಮೇಲ್ತುದಿಯಾದರೋ ಹೆಚ್ಚುಕಡಿಮೆ ಚಪ್ಪಟೆಯಾದ ಮಣೆಯಂತಿದೆ. ಅದರ ಒಳಭಾಗವು ಸ್ವಲ್ಪ ತಗ್ಗಾಗಿಯೂ ಹೊರಭಾಗವು ಹಿಂದುಮುಂದಾಗಿ ನೋಡಿದರೆ ಸ್ವಲ್ಪ ಉಬ್ಬಾಗಿಯೂ ಇವೆ. ಗುಂಡಾದ ಎರಡು ಕಲ್ಲುಗಳನ್ನು ಒಂದು ಮಣೆಯ ಮೇಲೆ ಇಟ್ಟಂತಿರುವ ಈ ಜೋಡಣೆಯಲ್ಲಿ ಎಲುಬಿನ ಆಕಾರದಿಂದ ಬರುವ ಭದ್ರತೆ ಬಹಳ ಅಲ್ಪ. ತೊಡೆಯ ಸಂದಿಯಲ್ಲಿ ಒರಳಿನೊಳಗೆ ಗುಂಡು ಕೂತಂತೆ ಎಲುಬೇ ಎಲುಬನ್ನು ಹಿಡಿದಿದೆ. ಅದನ್ನು ಉಲೂಖಲವೆಂದುದು ಸಾರ್ಥಕ. ಮೊಣಕೈಯಲ್ಲಿ ಕೊಕ್ಕೆಯಂಥ ಎಲುಬು ರಾಟೆಯಂಥ ಎಲುಬನ್ನು ಕಚ್ಚಿದೆ; ಅದನ್ನು ತಿರುಗಣೆಯೆನ್ನುವುದೂ ಸಾರ್ಥಕ. ಮೊಣಕಾಲಿನಲ್ಲಿ ಇಂಥ ಹಿಡಿತವಿಲ್ಲ. ಇಲ್ಲಿ ಹಿಡಿದಿರುವುದು ಬಂಧಗಳು.

ಬಂಧಗಳಲ್ಲಿ ಮುಖ್ಯವಾದುವು ನಾಲ್ಕು. ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು. ಇವು ಕಾಲು ಪಕ್ಕಕ್ಕೆ ಮುರಿಯದಂತೆ ತಡೆಯುತ್ತವೆ. ಸಂಧಿಯ ನಟ್ಟನಡುವೆ ಎರಡು ಬಂಧಗಳು ಒಂದನ್ನೊಂದು ಅಡ್ಡಹಾಯ್ದಿವೆ. ನಾಟ್ಯಶಾಸ್ತ್ರದಲ್ಲಿ ಅಡ್ಡಹಾಯ್ದ ಕೈಗಳಿಗೆ ಸ್ವಸ್ತಿಕವೆಂಬ ಹೆಸರಿರುವುದರಿಂದ ಇವನ್ನು ಸ್ವಸ್ತಿಕಬಂಧಗಳೆಂದು ಕರೆಯಬಹುದು. ಮುಂದಿನದು ಜಂಘಾಸ್ಥಿಯ ಮಣೆಯ ಮುಂಭಾಗದಿಂದ ಹೊರಟು ಮೇಲಕ್ಕೂ ಹಿಂದಕ್ಕೂ ಏರಿ ಹೊರಗೆಣ್ಣಿನ ಒಳಮೈಯನ್ನು ಸೇರುತ್ತದೆ. ಜಂಘೆಯು ಮುಂದಕ್ಕೆ ಜಾರದಂತೆ ಅದು ಕಾಯುತ್ತದೆ. ಹಿಂದಿನದು ಮಣೆಯ ಹಿಂಭಾಗದಿಂದ ಹೊರಟು ಒಳಗೆಣ್ಣನ್ನು ಸೇರುತ್ತದೆ. ಜಂಘೆಯು ಹಿಂದಕ್ಕೆ ಜಾರದಂತೆ ಅದು ಕಾಯುತ್ತದೆ. ಕಬಡ್ಡಿಯಲ್ಲಿ ಓಡಿಬಂದವನು ಪಾದವನ್ನು ಊರಿ ಮೈಯನ್ನು ಒಮ್ಮೆಲೇ ತಿರುಗಿಸಿದಾಗ ಮುಂದಿನ ಸ್ವಸ್ತಿಕಬಂಧವು ಹರಿಯುವುದುಂಟು. ಆಗ ಎಲುಬು ಮುರಿದಿರುವುದಿಲ್ಲ, ಪೇಶಿ ಸೀಳಿರುವುದಿಲ್ಲ. ಆದರೂ ಆ ಕಾಲು ನಂಬಿ ಊರಲು ಬಾರದಂತಾಗುತ್ತದೆ. ಎಲುಬಿನ ಹಾನಿಗಿಂತ ಕಟ್ಟಿನ ಹಾನಿ ದೊಡ್ಡದೆಂಬ ಸುಶ್ರುತನ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

೪. ಚಲನ

ಕದದ ತಿರುಗಣೆಯ ಲಕ್ಷಣವೇನೆಂದರೆ, ಅದರ ಅಚ್ಚು ಒಂದೇ ಎಡೆಯಲ್ಲಿ ನಿಂತಿರುತ್ತದೆ. ಮೊಣಕಾಲು ಹಾಗೆ ಮಡಿಯುವುದೇ ಎಂಬುದನ್ನು ಪರೀಕ್ಷಿಸಲು ಗಾಡಿಯ ಚಕ್ರವನ್ನು ನೆನೆಯಬೇಕು. ಗಟ್ಟಿನೆಲದ ಮೇಲೆ ಚಕ್ರವು ಉರುಳುತ್ತ ಮುಂದೆ ಸಾಗುತ್ತದೆ. ಕೆಸರಿನಲ್ಲಿ ಸಿಕ್ಕಿದ ಚಕ್ರವು ಜಾರುತ್ತ ಇದ್ದಲ್ಲಿಯೇ ತಿರುಗುತ್ತದೆ. ತೊಡೆಯೆಲುಬಿನ ಗೆಣ್ಣಿನ ಮೈ ಜಂಘಾಸ್ಥಿಯ ಮಣೆಗಿಂತ ಸುಮಾರು ಎರಡರಷ್ಟು ಉದ್ದ. ಅದು ಬರಿಯ ಉರುಳುವಿಕೆಯಿಂದಲೇ ಮಡಿಯುವುದಾದರೆ ಅರ್ಧದಾರಿಯಲ್ಲಿಯೇ ಮಣೆಯ ಹಿಂದಂಚಿನಿಂದ ಕೆಳಗೆ ಬೀಳಬೇಕು. ಬರಿಯ ಜಾರುವಿಕೆಯಾದರೆ ತೊಡೆಯ ಎಲುಬು ಮಣೆಯ ಅಂಚಿಗೆ ತಗುಲಿ ಮಡಿಕೆ ಬೇಗ ನಿಲ್ಲಬೇಕು. ವಾಸ್ತವದಲ್ಲಿ ಎರಡೂ ಬೆರೆತಿವೆ. ಎಷ್ಟು ಉರುಳಬೇಕು, ಎಷ್ಟು ಜಾರಬೇಕು ಎಂಬುದನ್ನು ಗೆಣ್ಣುಗಳ ಆಕಾರವೂ ಸ್ವಸ್ತಿಕಬಂಧಗಳ ಬಿಗಿಯೂ ಕೂಡಿ ನಿರ್ಣಯಿಸುತ್ತವೆ. ಇದನ್ನು ಮೊದಲು ವಿವರಿಸಿದವರು ಜರ್ಮನಿಯ ವಿಲ್ಹೆಲ್ಮ್ ವೇಬರ್, ಎಡ್ವರ್ಡ್ ವೇಬರ್ ಎಂಬ ಸಹೋದರರು. ಮನುಷ್ಯನ ನಡಗೆಯ ಯಂತ್ರವನ್ನು ಕುರಿತ ಅವರ ಗ್ರಂಥವು ೧೮೩೬ರಲ್ಲಿ ಪ್ರಕಟವಾಯಿತು.

ಉರುಳುವುದು, ಜಾರುವುದು ಎಂಬೆರಡಲ್ಲದೆ ಮೂರನೆಯದೊಂದು ಚಲನವಿದೆ. ಕುರ್ಚಿಯ ಮೇಲೆ ಕುಳಿತು ಮೊಣಕಾಲನ್ನು ಮಡಿಸಿ, ತೊಡೆಯನ್ನು ಅಲುಗಿಸದೆ ಪಾದವನ್ನು ಬಲಕ್ಕೂ ಎಡಕ್ಕೂ ತಿರುಗಿಸಿದರೆ ಜಂಘೆಯು ತನ್ನ ನೆಟ್ಟನೆಯ ಅಚ್ಚಿನ ಮೇಲೆ ತಿರುಗುವುದು ಕೈಗೆ ತಿಳಿಯುತ್ತದೆ. ಕಾಲನ್ನು ನೀಡಿದಾಗ ಈ ತಿರುವು ಅಡಗುತ್ತದೆ. ಆಗ ಪಾದ ತಿರುಗಿದರೆ ಅದು ತೊಡೆಯ ಸಂದಿಯಿಂದಲೇ. ಪದ್ಮಾಸನವು ಮಡಿಸಿದ ಮೊಣಕಾಲಿನ ಈ ತಿರುವನ್ನೂ ತೊಡೆಯ ಸಂದಿಯ ತಿರುವನ್ನೂ ಆಶ್ರಯಿಸಿದೆ. ಸಂದಿಯು ಬಿರುಸಾಗಿರುವವನು ಹಟದಿಂದ ಪದ್ಮಾಸನವನ್ನು ಹಾಕಿದರೆ ಆ ಹಟದ ಫಲವನ್ನು ಮೊಣಕಾಲು ಉಣ್ಣಬೇಕಾಗುತ್ತದೆ. ಮಡಿಕೆಯ ಮಿತಿ ಪೇಶಿಗಳ ಬಲದಿಂದ ಸುಮಾರು ೧೪೦ ಡಿಗ್ರಿ. ಕುಕ್ಕುರುಗಾಲಿನಲ್ಲಿ ಮೈಭಾರವೇ ಒತ್ತಿದಾಗ ಸುಮಾರು ೧೬೦ ಡಿಗ್ರಿಯವರೆಗೆ ಹೋಗುತ್ತದೆ. ಇಷ್ಟು ಮಡಿಯುವ, ಮಡಿದಾಗ ತಿರುಗುವ, ಉರುಳುತ್ತಲೇ ಜಾರುವ ಸಂಧಿಗೆ ತಿರುಗಣೆಯ ಉಪಮಾನವು ಸಾಲದು.

೫. ನಿಲುವು ಮತ್ತು ಬೀಗ

ಕಾಲನ್ನು ಪೂರ್ಣವಾಗಿ ನೀಡುವ ಕೊನೆಯ ಘಟ್ಟದಲ್ಲಿ ಒಂದು ವಿಶೇಷವು ನಡೆಯುತ್ತದೆ. ಒಳಗೆಣ್ಣಿನ ಮೈ ಉದ್ದವಾಗಿರುವುದರಿಂದ ಹೊರಗೆಣ್ಣು ತನ್ನ ಪ್ರಯಾಣವನ್ನು ಮುಗಿಸಿದ ಮೇಲೆಯೂ ಒಳಗೆಣ್ಣಿಗೆ ಇನ್ನೂ ಸ್ವಲ್ಪ ದಾರಿ ಉಳಿದಿರುತ್ತದೆ. ಆಗ ಪಾದವು ನೆಲದ ಮೇಲಿದ್ದರೆ ತೊಡೆಯೆಲುಬು ಕೆಲವೇ ಡಿಗ್ರಿಗಳಷ್ಟು ಒಳಕ್ಕೆ ತಿರುಗುತ್ತದೆ, ಬಂಧಗಳೆಲ್ಲ ಬಿಗಿಯುತ್ತವೆ, ಮರೆಮೊಳೆಯನ್ನು ಕೊನೆಯ ಸುತ್ತು ತಿರುಗಿಸಿದಂತೆ ಸಂಧಿಗೆ ಬೀಗ ಬೀಳುತ್ತದೆ. ಈ ಬೀಗವನ್ನು ತೆಗೆಯಲು ಮೊಣಕಾಲಿನ ಹಿಂಬದಿಯಲ್ಲಿ ಒಂದು ಚಿಕ್ಕ ಪೇಶಿಯಿದೆ. ಅದು ಎಳೆದು ತೊಡೆಯೆಲುಬನ್ನು ಹೊರಕ್ಕೆ ತಿರುಗಿಸಿದ ಮೇಲೆಯೇ ಕಾಲು ಮಡಿಯಲು ಆರಂಭಿಸುತ್ತದೆ.

ಬೀಗದ ಪ್ರಯೋಜನವೇನು? ನೆಟ್ಟನೆ ನಿಂತಾಗ ಮೈಯ ಭಾರರೇಖೆಯು ಜಾನುಸಂಧಿಯ ಅಚ್ಚಿಗಿಂತ ತುಸು ಮುಂದೆ ಹಾದುಹೋಗುತ್ತದೆ. ಭಾರವು ಕಾಲನ್ನು ಇನ್ನೂ ನೀಡಲೆಳಸುತ್ತದೆಯೇ ಹೊರತು ಮಡಿಸಲೆಳಸುವುದಿಲ್ಲ. ಬಿಗಿದ ಬಂಧಗಳು ಅದನ್ನು ತಡೆದು ಹಿಡಿಯುತ್ತವೆ. ತೊಡೆಯ ಮುಂದಿನ ಪೇಶಿಗೆ ಬಹುಮಟ್ಟಿಗೆ ವಿಶ್ರಾಂತಿ. ಇದಕ್ಕೆ ಪ್ರಮಾಣವು ಪ್ರತ್ಯಕ್ಷವೇ. ಸುಖವಾಗಿ ನಿಂತವನು ತನ್ನ ಮಂಡಿಚಿಪ್ಪನ್ನು ಎರಡು ಬೆರಳುಗಳಿಂದ ಹಿಡಿದರೆ ಅದು ಅತ್ತಿತ್ತ ಸರಿದಾಡುತ್ತದೆ; ಮೊಣಕಾಲನ್ನು ತುಸುವೇ ಬಗ್ಗಿಸಿದೊಡನೆ ಪೇಶಿಯು ಬಿಗಿದು ಚಿಪ್ಪು ಕಲ್ಲಿನಂತೆ ನಿಲ್ಲುತ್ತದೆ. ತರಗತಿಯಲ್ಲಿ ಗಂಟೆಗಟ್ಟಲೆ ನಿಂತು ಪಾಠಹೇಳುವ ಉಪಾಧ್ಯಾಯನು ನಿಂತಿರುವುದು ಪೇಶಿಯ ಬಲದಿಂದಲ್ಲ, ಈ ಬೀಗದಿಂದ.

ಕನ್ನಡನಾಡಿನಲ್ಲಿ ಈ ನಿಲುವಿನ ಪರಮೋದಾಹರಣೆ ಶ್ರವಣಬೆಳಗೊಳದ ಗೊಮ್ಮಟೇಶ್ವರ. ಚಾವುಂಡರಾಯನು ಸುಮಾರು ೯೮೧ರಲ್ಲಿ ನಿಲ್ಲಿಸಿದ, ಸುಮಾರು ೫೮ ಅಡಿ ಎತ್ತರದ ಈ ಮೂರ್ತಿಯು ಕಾಯೋತ್ಸರ್ಗದಲ್ಲಿದೆ. ಕೈಗಳು ಇಳಿಬಿದ್ದಿವೆ, ಮೊಣಕಾಲುಗಳು ಪೂರ್ಣವಾಗಿ ನೀಡಿವೆ, ಪೇಶಿಗಳಲ್ಲಿ ಬಿಗಿತದ ಸುಳಿವಿಲ್ಲ. ಬಾಹುಬಲಿಯು ಒಂದು ವರ್ಷ ಹೀಗೆ ನಿಂತನೆಂಬ ಪುರಾಣದ ಮಾತು ಭಕ್ತಿಗೆ ಸೇರಿದುದಾದರೂ, ಕಾಯವನ್ನು ಬಿಟ್ಟುಬಿಟ್ಟವನು ಬೀಳದೆ ನಿಲ್ಲಬಲ್ಲ ಭಂಗಿ ಇದೊಂದೇ ಎಂಬುದನ್ನು ಶಿಲ್ಪಿಯು ಬಲ್ಲವನಾಗಿದ್ದನು. ಕಲ್ಲಿಗೆ ಬಂಧಗಳಿಲ್ಲದಿರುವುದರಿಂದ ತೊಡೆಯವರೆಗೂ ಹುತ್ತವನ್ನು ಬಿಡಿಸಿ ಆಸರೆ ಕೊಟ್ಟಿದ್ದಾನೆ. ಮೇಲುಕೋಟೆಯ ಬೆಟ್ಟದ ದೇವತೆಯಾದ ಯೋಗನರಸಿಂಹನ ಲಕ್ಷಣವು ಇದಕ್ಕೆ ಪ್ರತಿಯಾದುದು. ಆ ಆಸನದಲ್ಲಿ ಮೊಣಕಾಲುಗಳು ಮಡಿದು ಮೇಲೆದ್ದಿರುತ್ತವೆ. ಅಲ್ಲಿ ಬೀಗ ಬೀಳುವಂತಿಲ್ಲ. ಆದುದರಿಂದ ಮೊಣಕಾಲುಗಳನ್ನು ಬಳಸಿ ಯೋಗಪಟ್ಟವು ಬರುತ್ತದೆ. ಒಳಗಿನ ಬಂಧವು ಮಾಡದ ಕೆಲಸವನ್ನು ಹೊರಗಿನ ಪಟ್ಟಿಯು ಮಾಡುತ್ತದೆ.

೬. ಚಿಪ್ಪಿನ ಕೆಲಸ

ಮಂಡಿಯ ಮುಂದಿನ ಎಲುಬನ್ನು ಸುಶ್ರುತನು ಕಪಾಲಾಸ್ಥಿಗಳ ಗುಂಪಿಗೆ ಸೇರಿಸಿದ್ದಾನೆ. ಕಪಾಲವೆಂದರೆ ಮಡಕೆಯ ಓಡು. ಕನ್ನಡದಲ್ಲಿ ಅದು ಚಿಪ್ಪು. ಲ್ಯಾಟಿನ್ನಿನಲ್ಲಿ ಪಟೆಲ್ಲಾ, ಸಣ್ಣ ತಟ್ಟೆ. ಮೂರು ಭಾಷೆಗಳೂ ಆಕಾರವನ್ನು ಕಂಡು ಹೆಸರಿಟ್ಟವು. ಹೆಸರನ್ನು ಕೇಳಿದವರು ಅದನ್ನು ಮುಚ್ಚಳವೆಂದು ಬಗೆದರು. ಮುಚ್ಚುವುದು ಅದರ ಮುಖ್ಯ ಕೆಲಸವಲ್ಲ. ತೊಡೆಯ ಮುಂದಿನ ನಾಲ್ಕು ತಲೆಯ ಪೇಶಿಯು ಕೆಳಗೆ ಒಂದು ಗಟ್ಟಿ ನಾರಾಗಿ ಜಂಘಾಸ್ಥಿಯನ್ನು ಸೇರುವ ದಾರಿಯಲ್ಲಿ ಈ ಎಲುಬು ಹು­ದುಗಿದೆ. ಅದು ನಾರನ್ನು ಸಂಧಿಯ ಅಚ್ಚಿನಿಂದ ದೂರಕ್ಕೆ ಎತ್ತಿ ಹಿಡಿಯುತ್ತದೆ. ಅಚ್ಚಿನಿಂದ ದೂರವಾದಷ್ಟೂ, ಉದ್ದ ಸನ್ನೆಗೋಲಿನಲ್ಲಾಗುವಂತೆ, ಅಲ್ಪಬಲದಿಂದ ಹೆಚ್ಚು ಕೆಲಸ ಸಾಧ್ಯ. ಬಾವಿಯ ರಾಟೆಯಂತೆ ಎಳೆತದ ದಿಕ್ಕನ್ನೂ ಅದು ತಿರುಗಿಸುತ್ತದೆ.

ಈ ಉಪಕಾರಕ್ಕೆ ಚಿಪ್ಪು ಕೊಡುವ ಬೆಲೆಯೂ ಉಂಟು. ಮೊಣಕಾಲು ಮಡಿದಷ್ಟೂ ಮೇಲಿನ ಪೇಶಿಯ ಎಳೆತವೂ ಕೆಳಗಿನ ನಾರಿನ ಎಳೆತವೂ ಕೂಡಿ ಚಿಪ್ಪನ್ನು ತೊಡೆಯೆಲುಬಿಗೆ ಒತ್ತುತ್ತವೆ. ೧೯೭೨ರಲ್ಲಿ ರೈಲಿ, ಮಾರ್ಟೆನ್ಸ್ ಎಂಬಿಬ್ಬರು ಈ ಒತ್ತಡವನ್ನು ಗಣಿಸಿದರು. ಸಮನೆಲದ ನಡಗೆಯಲ್ಲಿ ಅದು ಮೈತೂಕದ ಅರ್ಧದಷ್ಟು, ಮೆಟ್ಟಿಲುಗಳಲ್ಲಿ ೩.೩ರಷ್ಟು, ಆಳವಾಗಿ ಕುಕ್ಕುರಿಸುವಾಗ ೭.೮ರಷ್ಟು. ೬೦ ಕಿಲೋಗ್ರಾಂ ತೂಕದವನಿಗೆ ಇದನ್ನು ಅನ್ವಯಿಸಿದರೆ ಕ್ರಮವಾಗಿ ಸುಮಾರು ೩೦, ೨೦೦, ೪೭೦ ಕಿಲೋಗ್ರಾಂಗಳ ಭಾರವಾಗುತ್ತದೆ. ಚಿಪ್ಪಿನ ಹಿಂಬದಿಯ ಮೃದ್ವಸ್ಥಿಯು ದೇಹದಲ್ಲೆಲ್ಲ ಅತ್ಯಂತ ದಪ್ಪನಾದುದೇಕೆಂಬುದು ಇದರಿಂದ ತಿಳಿಯುತ್ತದೆ.

ಸುಬ್ರಹ್ಮಣ್ಯಪುರದ ಮೆಟ್ಟಿಲಿನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಹತ್ತುವುದಕ್ಕಿಂತ ಇಳಿಯುವುದು ನೋವೆಂದು ಅನೇಕರು ಹೇಳುತ್ತಾರೆ. ಕೇಳಿದವರು ಇದು ವಿಪರೀತವೆಂದು ನಗುತ್ತಾರೆ. ವಿಪರೀತವಲ್ಲ. ಇಳಿಯುವಾಗ ಮೇಲಿನ ಮೆಟ್ಟಿಲಿನಲ್ಲಿರುವ ಕಾಲು ಮಡಿಯುತ್ತ ಮಡಿಯುತ್ತಲೇ ಇಡೀ ಮೈಭಾರವನ್ನು ತಡೆದು ಮೆಲ್ಲನೆ ಕೆಳಗಿಳಿಸಬೇಕು. ಬಾವಿಯಿಂದ ಕೊಡವನ್ನು ಸೇದುವುದಕ್ಕಿಂತ ತುಂಬಿದ ಕೊಡವನ್ನು ಜರ್ರನೆ ಬೀಳದಂತೆ ಇಳಿಬಿಡುವುದರಲ್ಲಿ ಕೈ ಹೆಚ್ಚು ಎಚ್ಚರವಾಗಿರಬೇಕಷ್ಟೆ. ತೊಡೆಯ ಪೇಶಿಯು ದುರ್ಬಲವಾಗಿದ್ದರೆ ಈ ಹಿಡಿತವು ತಪ್ಪಿ ಪ್ರತಿ ಮೆಟ್ಟಿಲಿನಲ್ಲಿಯೂ ಸಂಧಿಗೆ ಕುಕ್ಕು ಬೀಳುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿಯೂರಿ ಸುತ್ತುವ ಕುಣಿತವನ್ನು ವೇಷಧಾರಿಗಳು ವರ್ಷವರ್ಷವೂ ಮಾಡಬಲ್ಲರೆಂದರೆ, ಅದಕ್ಕೆ ಎಳವೆಯಿಂದಲೇ ಬೆಳೆಸಿದ ತೊಡೆಯ ಬಲವು ದೊಡ್ಡ ಕಾರಣ. ಆದರೂ ನೆಲಕ್ಕೆ ತಾಕುವ ಚಿಪ್ಪಿನ ಮುಂದಣ ದ್ರವದ ಚೀಲವು ಪದೇಪದೇ ಉಜ್ಜಿದರೆ ಊದಿಕೊಳ್ಳುವುದುಂಟು.

೭. ಹೆಸರು ತಪ್ಪಿದುದರಿಂದಾದ ಹಾನಿ

ಉಪಮಾನದ ದೋಷವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಅದರಿಂದ ರೋಗಿಗಳಿಗೇ ಹಾನಿಯಾದ ಎರಡು ನಿದರ್ಶನಗಳಿವೆ.

ಗುಂಡಾದ ಗೆಣ್ಣಿಗೂ ಚಪ್ಪಟೆಯಾದ ಮಣೆಗೂ ನಡುವೆ, ಅಂಚಿನಲ್ಲಿ ದಪ್ಪವಾಗಿಯೂ ಒಳಕ್ಕೆ ತೆಳುವಾಗಿಯೂ ಇರುವ ಎರಡು ಅರ್ಧಚಂದ್ರಾಕಾರದ ಫಲಕಗಳಿವೆ. ಇವುಗಳ ಗ್ರೀಕು ಹೆಸರಾದ ಮೆನಿಸ್ಕಸ್ ಎಂಬುದಕ್ಕೂ ಸಣ್ಣ ಚಂದ್ರನೆಂದೇ ಅರ್ಥ. ೧೮೮೭ರಲ್ಲಿ ಇಂಗ್ಲೆಂಡಿನ ಬ್ಲಾಂಡ್ ಸಟನ್ ಎಂಬ ಶಸ್ತ್ರವೈದ್ಯನು ಇವು ಕಾಲಿನ ಹಳೆಯ ಪೇಶಿಯೊಂದರ ನಿಷ್ಪ್ರಯೋಜಕವಾದ ಅವಶೇಷಗಳೆಂದು ಬರೆದನು. ತಿರುಗಣೆಯಲ್ಲಿ ಇಂಥ ಬಿಲ್ಲೆಗೆ ಏನು ಕೆಲಸ? ಆದುದರಿಂದ ಹರಿದ ಫಲಕವನ್ನು ಬುಡಸಹಿತ ತೆಗೆದುಹಾಕುವುದು ಬಹುಕಾಲ ವಾಡಿಕೆಯಾಗಿತ್ತು. ೧೯೪೮ರಲ್ಲಿ ಫೇರ್‌ಬ್ಯಾಂಕ್ ಎಂಬುವನು, ಹಾಗೆ ತೆಗೆಸಿಕೊಂಡವರ ಮೊಣಕಾಲುಗಳ ಕ್ಷಕಿರಣಚಿತ್ರಗಳನ್ನು ಪರೀಕ್ಷಿಸಿ, ಸಂಧಿಯ ಎಡೆಯು ಕುಗ್ಗಿ ಎಲುಬಿನ ಅಂಚುಗಳು ಬೆಳೆದು ಗೆಣ್ಣು ಚಪ್ಪಟೆಯಾಗಿರುವುದನ್ನು ತೋರಿಸಿದನು. ಗುಂಡು ಚಪ್ಪಟೆಯನ್ನು ಒಂದೇ ಬಿಂದುವಿನಲ್ಲಿ ತಾಕದಂತೆ ಭಾರವನ್ನು ಹರಡುವುದೇ ಈ ಫಲಕಗಳ ಕೆಲಸ. ಸಂಧಿಯ ಭಾರದಲ್ಲಿ ಸುಮಾರು ಅರ್ಧಕ್ಕೂ ಹೆಚ್ಚನ್ನು ಅವು ಹೊರುತ್ತವೆಂದು ಈಗ ತಿಳಿದಿದೆ. ಸಾಧ್ಯವಾದಷ್ಟನ್ನು ಉಳಿಸುವುದು, ಹೊಲಿಯುವುದು ಈಗಿನ ಕ್ರಮ.

ಎರಡನೆಯ ನಿದರ್ಶನವು ಕೃತಕಜಾನುವಿನದು. ೧೮೯೦ರ ಸುಮಾರಿನಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲೀಸ್ ಗ್ಲುಕ್ ಎಂಬ ಶಸ್ತ್ರವೈದ್ಯನು ಆನೆಯ ದಂತದಿಂದ ತಿರುಗಣೆಯನ್ನು ಮಾಡಿ ಕೆಟ್ಟ ಮೊಣಕಾಲಿನ ಎಡೆಯಲ್ಲಿ ಕೂರಿಸಿದನು. ರೋಗದ ಸೋಂಕು ಉಳಿದಿದ್ದುದರಿಂದ ಆ ಪ್ರಯತ್ನವು ನಿಲ್ಲಲಿಲ್ಲ. ೧೯೫೧ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಮತ್ತೆ ತಿರುಗಣೆಯ ಮಾದರಿಯನ್ನೇ ತಂದನು. ಅದು ಮಡಿಯುತ್ತಿತ್ತು, ನೀಡುತ್ತಿತ್ತು, ಆದರೆ ತಿರುಗುತ್ತಿರಲಿಲ್ಲ. ಹೆಜ್ಜೆಹೆಜ್ಜೆಗೂ ಜಂಘೆಯು ತಿರುಗಲೆಳಸುವ ಬಲವೆಲ್ಲ ಲೋಹವನ್ನು ಎಲುಬಿಗೆ ಕಚ್ಚಿಸಿದ ಎಡೆಯ ಮೇಲೆ ಬಿದ್ದು, ಇಂಥ ತಿರುಗಣೆಗಳು ಕಾಲಕ್ರಮದಲ್ಲಿ ಸಡಿಲವಾಗುತ್ತಿದ್ದುವು. ೧೯೬೮ರಲ್ಲಿ ಗನ್‌ಸ್ಟನ್ ಎಂಬುವನು ಒಂದೇ ಅಚ್ಚನ್ನು ಬಿಟ್ಟು, ಗೆಣ್ಣಿಗೆ ಗೆಣ್ಣಿನಾಕಾರವನ್ನೂ ಮಣೆಗೆ ಮಣೆಯಾಕಾರವನ್ನೂ ಕೊಟ್ಟು, ಬಂಧಗಳನ್ನು ಉಳಿಸಿಕೊಂಡನು. ೧೯೭೪ರಲ್ಲಿ ನ್ಯೂಯಾರ್ಕಿನ ಇನ್ಸಾಲ್ ಮೊದಲಾದವರು ಇದೇ ದಾರಿಯನ್ನು ಮುಂದುವರಿಸಿದರು. ಇಂದು ಬೆಂಗಳೂರಿನಲ್ಲಿ ಕೂರಿಸುವ ಕೃತಕಜಾನುಗಳು ಬಹುಮಟ್ಟಿಗೆ ಈ ವಂಶದವೇ. ಬಂಧಗಳೆಲ್ಲ ನಾಶವಾದಾಗ ಮಾತ್ರ ತಿರುಗಣೆಯ ಮಾದರಿಯನ್ನು, ಅದೂ ತಿರುವಿಗೆ ಎಡೆಕೊಟ್ಟು, ಬಳಸುತ್ತಾರೆ. ಮೊಣಕಾಲು ತಿರುಗಣೆಯಲ್ಲವೆಂದು ಒಪ್ಪಿದ ಮೇಲೆಯೇ ಮೊಣಕಾಲನ್ನು ಮಾಡಲು ಸಾಧ್ಯವಾಯಿತು.

೮. ಎಣ್ಣೆಯ ಮಾತು ಮತ್ತು ನಿರ್ಣಯ

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಎಣ್ಣೆ ಹಚ್ಚಿದ ಅಚ್ಚಿನ ಮೇಲೆ ಚಕ್ರವು ಚೆನ್ನಾಗಿ ತಿರುಗುವಂತೆ ಶ್ಲೇಷ್ಮದಿಂದ ಕೂಡಿದ ಸಂಧಿಗಳು ಚೆನ್ನಾಗಿ ನಡೆಯುವುವೆಂದು ಸುಶ್ರುತನೇ ಹೇಳಿರುವಾಗ, ಎಣ್ಣೆ ಆರಿತೆಂಬ ಜನರ ಮಾತು ತಪ್ಪು ಹೇಗೆ? ಇದಕ್ಕೆ ಸಮಾಧಾನವೇನೆಂದರೆ, ಆ ಮಾತು ಅರ್ಧ ಸರಿ. ಸಂಧಿಯ ಒಳಪೊರೆಯಿಂದ ಒಸರುವ ಅಂಟುದ್ರವವು ನುಣುಪನ್ನು ಕೊಡುವುದು ನಿಜ. ಆದರೆ ಚಕ್ರದ ಅಚ್ಚಿಗೆ ಎಣ್ಣೆಯು ಆಹಾರವಲ್ಲ. ಸಂಧಿಯಲ್ಲಿ ಈ ದ್ರವವು ಆಹಾರವೂ ಹೌದು. ಎಲುಬಿನ ತುದಿಯನ್ನು ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದಾಗ ಒತ್ತಿದ ಹತ್ತಿಯಂತೆ ಅದು ದ್ರವವನ್ನು ಹೊರಬಿಡುತ್ತದೆ. ಭಾರ ಎದ್ದಾಗ ಪೋಷಕಾಂಶಗಳೊಡನೆ ಹೀರಿಕೊಳ್ಳುತ್ತದೆ. ಚಲನವೇ ಅದಕ್ಕೆ ಊಟ. ಅಲುಗದ ಸಂಧಿಯಲ್ಲಿ ಮೃದ್ವಸ್ಥಿಯು ಉಪವಾಸ ಬೀಳುತ್ತದೆ. ತೊಡೆಯ ಪೇಶಿಯೂ ಕರಗುತ್ತದೆ. ಪೇಶಿ ಕರಗಿದಷ್ಟೂ ಕುಕ್ಕು ಹೆಚ್ಚುತ್ತದೆ. ಕುಕ್ಕು ಹೆಚ್ಚಿದಷ್ಟೂ ನೋವು, ನೋವು ಹೆಚ್ಚಿದಷ್ಟೂ ಅಲುಗದಿರುವುದು. ಕೀಲೆಂಬ ಉಪಮಾನವನ್ನು ನಂಬಿ ಕುಳಿತವನು ಸಿಕ್ಕಿಕೊಳ್ಳುವ ಸುಳಿ ಇದು.

ಆದುದರಿಂದ, ಸವೆತದ ನೋವಿರುವವರು ಆಳವಾದ ಕುಕ್ಕುರುಗಾಲನ್ನೂ ಅತಿಯಾದ ಮೆಟ್ಟಿಲನ್ನೂ ಮಿತಗೊಳಿಸಿ, ಸಮನೆಲದ ನಡಗೆಯನ್ನು ಬಿಡದೆ, ಕುಳಿತಲ್ಲಿಯೇ ಕಾಲನ್ನು ನೀಡಿ ತೊಡೆಯನ್ನು ಬಿಗಿಹಿಡಿದು ಬಿಡುವಂಥ ಅಭ್ಯಾಸಗಳಿಂದ ಪೇಶಿಯನ್ನು ಬಲಪಡಿಸಿಕೊಂಡು, ಮೈತೂಕವನ್ನು ತಗ್ಗಿಸಿಕೊಳ್ಳಬೇಕೆಂಬುದು ಇಂದಿನ ವೈದ್ಯರ ಸಮ್ಮತವಾದ ಉಪದೇಶ. ಪೆಟ್ಟಾದ ಮೇಲೆ ಕಾಲು ಊರಲಾರದಿದ್ದರೆ, ಸಂಧಿಯು ಒಮ್ಮೆಲೇ ಊದಿದರೆ, ಜ್ವರದೊಡನೆ ಕೆಂಪಾಗಿ ಬಿಸಿಯಾದರೆ, ಮಡಿದಲ್ಲಿಯೇ ಸಿಕ್ಕಿಕೊಂಡರೆ ಮಾತ್ರ ಅಭ್ಯಾಸವನ್ನು ಬಿಟ್ಟು ತಡಮಾಡದೆ ವೈದ್ಯನನ್ನು ಕಾಣತಕ್ಕದ್ದು.

ಇಷ್ಟರಿಂದ ಸಿದ್ಧವಾದುದೇನೆಂದರೆ, ಸುಶ್ರುತನ ಎರಡು ದೃಷ್ಟಾಂತಗಳಲ್ಲಿ ಕೋರವು ಜಾನುಸಂಧಿಯ ಹೊರನೋಟಕ್ಕೆ ಸಲ್ಲುವುದು, ದೋಣಿಯು ಅದರ ತತ್ತ್ವಕ್ಕೆ ಸಲ್ಲುವುದು. ಹಲಗೆಗಳು ತಾವಾಗಿಯೇ ಭಾರವನ್ನು ಹೊರವು. ಕಟ್ಟುಗಳು ಬಿಗಿಯಾಗಿದ್ದರೆ, ನಡೆಸುವವನು ಕೈಬಿಡದಿದ್ದರೆ ಹೊರುತ್ತವೆ. ದಡಕ್ಕೆ ಎಳೆದು ಬಿಸಿಲಿಗೆ ಬಿಟ್ಟ ದೋಣಿಯು ಬಿರುಕುಬಿಡುತ್ತದೆ. ನೀರಿನಲ್ಲಿ ನಡೆಯುವ ದೋಣಿಯು ಬಾಳುತ್ತದೆ. ಕೀಲು ಎಂಬ ಪದವನ್ನು ಜನರ ಬಾಯಿಂದ ತೆಗೆಯಲಾಗದು, ತೆಗೆಯಬೇಕಾಗಿಯೂ ಇಲ್ಲ. ಆದರೆ ಪಾಠಹೇಳುವವರು ಆ ಪದವನ್ನು ಬಳಸುವಾಗ ಇದು ಕದದ ಕೀಲಲ್ಲ, ಕಟ್ಟಿದ ಸಂಧಿ ಎಂದು ಒಂದು ಮಾತನ್ನು ಸೇರಿಸಿದರೆ, ಅದನ್ನು ಕೇಳಿ ಮನೆಗೆ ಹೋದ ಹುಡುಗನು ಮೆಟ್ಟಿಲಿನ ನಡುವೆ ನಿಂತ ತನ್ನ ಅಜ್ಜಿಯನ್ನು ಕುಳಿತಿರು ಎನ್ನದೆ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿಯಾನು.